ಅತ್ತೆ, ಸೊಸೆ ಮತ್ತು ಹಿತ್ತಲ ಬಾಗಿಲು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಪಾಂಡವಪುರದ ಮಹಿಳಾ ಸಮಾಜದ ಅಕ್ಕತಂಗಿಯರೇ, ಸಭಿಕರೇ,

ಇಂದು ನೀವು ಸನ್ಮಾನಿಸುತ್ತಿರುವ ಜಯಲಕ್ಷ್ಮಮ್ಮನವರು ನಿಮಗೆಲ್ಲ ನರ್ಸಮ್ಮ. ನನಗೆ ಅತ್ತೆ. ಮದುವೆಯಾಗಿ ಆರು ತಿಂಗಳೂ ತುಂಬದ ಸೊಸೆಯನ್ನು ಅತ್ತೆಯ ಬಗ್ಗೆ ಮಾತಾಡಲು ಮೈಕಿನ ಮುಂದೆ ನಿಲ್ಲಿಸಿದ್ದೀರಲ್ಲ, ನಿಮ್ಮ ಧೈರ್ಯ ದೊಡ್ಡದು! ಹೊಗಳಿದರೆ ಭಯಕ್ಕೆ ಹೊಗಳಿದಳು ಎನ್ನುತ್ತೀರಿ. ಹೊಗಳದಿದ್ದರೆ ಊಟಕ್ಕೆ ನಾನು ಅದೇ ಮನೆಗೆ ಹೋಗಬೇಕು.

ಆಸ್ಪತ್ರೆಯವರು ಮಗುವನ್ನು ಮನೆಗೆ ಕಳಿಸುತ್ತಾರೆ. ಆಮೇಲೆ? ಗಾಯ ತೊಳೆಯುವವರು ಯಾರು? ಹೊತ್ತಿಗೆ ಸರಿಯಾಗಿ ಔಷಧಿ ಕುಡಿಸುವವರು ಯಾರು? ಹೆದರಿದ ತಾಯಿಗೆ ಹೀಗೆ ಮಾಡು ಎಂದು ಹೇಳಿಕೊಡುವವರು ಯಾರು? ನಾಗಮಂಗಲದ ಕಡೆಯಿಂದ ಹಿಡಿದು ಬೆಳಗೊಳದವರೆಗೆ ಆ ಕೆಲಸಕ್ಕೆ ಮನೆಮನೆಗೆ ಹೋಗುವವರು ನಮ್ಮತ್ತೆ. ಸ್ಕೂಟರಿನಲ್ಲಿ ಬಿಟ್ಟುಬರುವವರು ಅವರ ಮಗ, ಅಂದರೆ ನಮ್ಮವರು. ಅವರು ಸ್ಕೂಟರ್ ಓಡಿಸುವುದನ್ನು ನೀವು ನೋಡಿದ್ದೀರಾ? ಎಷ್ಟು ಚೆಂದ! ಇರಲಿ, ಇವತ್ತಿನ ವಿಷಯ ಅದಲ್ಲ.

ಆಷಾಢ ಬಂತು. ಹೊಸ ಸೊಸೆಯಾದ ನಾನು ಪದ್ಧತಿಯಂತೆ ಮೈಸೂರಿನ ತವರಿಗೆ ಹೋದೆ. ಎಸ್‌ಟಿಡಿ ಬೂತಿನಲ್ಲಿ ನಿಂತು ಗಂಡನ ದನಿ ಕೇಳಿಕೊಂಡು ಒಂದು ತಿಂಗಳು ಹೇಗೆ ಕಳೆಯುವುದು ಹೇಳಿ? ಅತ್ತೆ ಬೆಳಗೊಳದ ಒಂದು ಮನೆಗೆ ದಿನವೂ ಹೋಗುತ್ತಾರೆಂದು ಗೊತ್ತಾಯಿತು. ಅತ್ತೆಗೆ ಹಲಸಿನ ಹಣ್ಣು ಕೊಡಬೇಕೆಂದು ಅಮ್ಮನಿಗೆ ಹೇಳಿ ಕೆಆರ್‌ಎಸ್ ಬಸ್ಸು ಹತ್ತಿದೆ. ಹಲಸು ನೆಪ ಎಂದು ಬಸ್ಸಿನ ಕಂಡಕ್ಟರಿಗೂ ತಿಳಿದಿರಬೇಕು.

ಆ ಮನೆಯ ಮಗು ಅನು, ಐದು ವರ್ಷದವಳು. ಕುದಿಯುವ ಎಸರು ಮೈಮೇಲೆ ಬಿದ್ದು ಬಲಗೈ ಸುಟ್ಟಿತ್ತು. ಗಾಯವೇನೋ ಮಾಯುತ್ತಿತ್ತು, ಆದರೆ ನೋವಿಗೆ ಹೆದರಿ ಮಡಚಿಟ್ಟ ಮೊಣಕೈಯನ್ನು ಅವಳು ಬಿಡಿಸುತ್ತಲೇ ಇರಲಿಲ್ಲ. ಹಾಗೇ ಬಿಟ್ಟರೆ ಚರ್ಮ ಬಿಗಿದು ಆ ಕೈ ಜನ್ಮಕ್ಕೂ ನೆಟ್ಟಗಾಗುವುದಿಲ್ಲ. ಅತ್ತೆ ಮುಟ್ಟಿದರೆ ಸಾಕು, ಅವಳ ಕಿರುಚಾಟ ಬೀದಿಗೆಲ್ಲ ಕೇಳುತ್ತಿತ್ತು. ನಾನು ಹಲಸು ಹೊತ್ತು ಬಾಗಿಲಿಗೆ ಬಂದಾಗ ಅಜ್ಜಿ ಚಿಕ್ಕಬೋರಮ್ಮ ಅಳುತ್ತಿದ್ದರು:

"ಸಾಕು ಬುಡು ನರ್ಸಮ್ಮ, ಸೊಟ್ಟ ಕೈನೇ ಇರ್ಲಿ. ಕೂಸು ಉಳುದ್ರೆ ಸಾಕು. ನಾಳಿಂದ ಬರ್ಬ್ಯಾಡ."

ಅತ್ತೆ ನನ್ನನ್ನು ಕಂಡು, "ಬಾ, ಮಗೂನ ಹಿಡ್ಕೊ," ಎಂದರು. ಅಜ್ಜಿ ಅಳು ನಿಲ್ಲಿಸಿ ಹೊಸ್ತಿಲಿಗೆ ಅಡ್ಡ ನಿಂತರು.

"ಆಸಾಡ ಕಣವ್ವ! ಅತ್ತೆ ಸೊಸೆ ಒಂದೇ ಬಾಗ್ಲು ತುಳೀತಾರಾ? ಮೈಸೂರಲ್ಲಿ ಇದ್ನೂ ಕಲಿಸ್ನಿಲ್ವಾ?"

ಅತ್ತೆ ವಾದಕ್ಕೆ ಇಳಿದರೇ? ಇಲ್ಲ. "ನೀವೇಳೋದು ಸರಿ ಕಣಮ್ಮ. ಹಿತ್ತಲ ಬಾಗ್ಲು ನಾನು ತುಳುದಿಲ್ಲ. ಅವ್ಳು ಅಲ್ಲಿಂದ ಬರ್ಲಿ," ಎಂದರು.

ಹಿತ್ತಲ ಬಾಗಿಲಿಗೆ ದಾರಿ ಕೊಟ್ಟಿಗೆಯೊಳಗಿಂದ. ರೇಷ್ಮೆ ಸೀರೆ, ಹೊಸ ಚಪ್ಪಲಿ, ಎದುರಿಗೆ ಎಮ್ಮೆ! ಸಗಣಿಯಲ್ಲಿ ಕಾಲು ಜಾರಿತು. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷೆಲ್ಲ ಒಟ್ಟಿಗೆ ಬಾಯಿಗೆ ಬಂತು. ಒಳಗೆ ಯಾರೋ ಕಿಲಕಿಲ ನಕ್ಕರು. ಅನು! ಕಾಲು ತೊಳೆದು ಒಳಗೆ ಹೋದೆ. ಅವಳ ಕಣ್ಣು ನನ್ನ ಕೈತುಂಬ ಇದ್ದ ಹಸಿರು ಬಳೆಗಳ ಮೇಲೆ. ಅತ್ತೆ ಮೆಲ್ಲಗೆ, "ಕೈ ಸ್ವಲ್ಪ ದೂರ ಹಿಡಿ," ಎಂದರು. ಬಳೆ ಅಲ್ಲಾಡಿಸಿದೆ. ಅತ್ತೆ ಅವಳ ಎಡಗೈಯನ್ನು ತಮ್ಮ ಕೈಯಲ್ಲಿ ಹಿಡಿದಿದ್ದರು. ಆಚೆ ನೋಡಿ, ಈಚೆ ನೋಡಿ, ತುಟಿ ಕಚ್ಚಿಕೊಂಡು ಮಗು ಬಲಗೈ ಚಾಚಿತು. ಒಂದಿಷ್ಟೇ. ಆದರೆ ತಾನಾಗಿ.

ಚಿಕ್ಕಬೋರಮ್ಮ ಬಗ್ಗಿ ನೋಡಿದರು. "ಇನ್ನೊಂಚೂರು ಮ್ಯಾಕೆ ಹಿಡಿಯವ್ವ," ಎಂದರು. ನಾನು ಹೊರಡುವಾಗ, "ನಾಳೀಕೂ ಬಂದ್ಬುಡು. ಹಿತ್ಲ ಬಾಗ್ಲು ತೆಗ್ದೇ ಇರ್ತೀನಿ," ಎಂದರು.

ಆಷಾಢವೆಲ್ಲ ಹೋದೆ. ಅಳು ನಿಂತಿತೇ? ಇಲ್ಲ. ಅಳುತ್ತ ಅಳುತ್ತಲೇ ಅವಳು ಕೈ ಚಾಚಿದಳು. ಅವಳು ಅತ್ತಾಗ ಅತ್ತೆ ಕಾದರು, ಸುಮ್ಮನಾದಾಗ ಮತ್ತೆ ಶುರು ಮಾಡಿದರು. ಬೇಸರವಿಲ್ಲ, ಗದರಿಕೆಯಿಲ್ಲ. ಅಂಥ ಪ್ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಾಂ, ನಮ್ಮವರು ಹೊರಗೆ ಹುಣಸೆಮರದ ಕೆಳಗೆ ಸ್ಕೂಟರ್ ನಿಲ್ಲಿಸಿ ಕಾಯುತ್ತಿದ್ದರು. ಅಲ್ಲಿ ತುಳಿಯಲು ಬಾಗಿಲೇ ಇರಲಿಲ್ಲ!

ಈಗ ಮಾಲಾರ್ಪಣೆ. ಮಾಲೆ ಹಾಕುವವಳು ಅನು. ಬಲಗೈ ಇನ್ನೂ ಪೂರ್ತಿ ನೆಟ್ಟಗಾಗಿಲ್ಲ, ತಡವಾಗಬಹುದು. ದಯವಿಟ್ಟು ಯಾರೂ ಅವಳನ್ನು ಎತ್ತಿಕೊಳ್ಳಬೇಡಿ, ಅವಳ ಕೈ ಹಿಡಿಯಬೇಡಿ. ಅತ್ತೆ, ನೀವು ಕುರ್ಚಿಯಲ್ಲೇ ಕುಳಿತಿರಿ. ಆದರೆ ತಲೆ ಬಗ್ಗಿಸಬೇಡಿ.

ಇಷ್ಟು ಹೊತ್ತು ನನ್ನ ಹರಟೆಯನ್ನು ಸಹಿಸಿದ ನಿಮಗೆಲ್ಲ ವಂದನೆಗಳು. ನಮಸ್ಕಾರ. ಅನು, ಬಾಮ್ಮ.