ಮಗ್ಗದ ಕಸರತ್ತು

ರೋಣದ ಬಸ್ ನಿಲ್ದಾಣದಲ್ಲಿ ಸವಡಿ ಬಸ್ಸಿಗೆ ಕಾಯುತ್ತಿದ್ದ ಮಾನವ್ವನ ಪಕ್ಕದಲ್ಲಿ ತಾಯಿ, ಮಗಳು ಬಂದು ಕೂತರು. ಹುಡುಗಿಯ ಬಲಗೈಯನ್ನು ಪಟ್ಟಿ ಕಟ್ಟಿ ಕೊರಳಿಗೆ ತೂಗುಹಾಕಿದ್ದರು. ಮಂದಿಯ ಮಾತಿಗೆ ಕಿವಿಗೊಡಬಾರದು ಅಂದುಕೊಳ್ಳುತ್ತಲೇ ಮಾನವ್ವ ಕಿವಿಗೊಟ್ಟಳು.

“ಈಗ ನಿಮ್ಮಪ್ಪ ಇಲ್ಲಿಲ್ಲ. ಡಾಕ್ಟರ್ ಖರೇ ಏನಂದ್ರು ಹೇಳು, ಸುಧಾ.”

“ಕಯಾಕಿಂಗ್ ಬಿಡು ಅಂದ್ರು. ದೋಣಿ ಹುಟ್ಟು ಹಾಕಾಕ ಈ ಭುಜಾ ಇನ್ನ ಬರೂದಿಲ್ಲಂತ.”

“ಹಿಂಗ್ಯಾಕಾತವ್ವಾ?”

“ಸೂಟಿಯೊಳಗ ಎರಡೂ ಕಡೆ ಸಮಾ ರಬ್ಬರ್ ಪಟ್ಟಿ ಜಗ್ಗು ಅಂತ ಕೋಚ್ ಹೇಳಿದ್ರು. ಅಪ್ಪ, ಮಗ್ಗದಾಗ ಕಾಲು, ನಡಾ, ಕೈ ಎಲ್ಲಾ ದುಡೀತಾವ, ಅದಕ್ಕಿಂತ ಚಲೋ ಕಸರತ್ತು ಯಾವುದೈತಿ ಅಂದ. ಸೂಟಿ ತುಂಬ ಲಾಳಿ ಓಡಿಸೋ ಹಗ್ಗಾ ಜಗ್ಗಿದೆ. ಬರೇ ಬಲಗೈಲೆ.”

ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಒಲ್ಲೆ ಅನಬೇಕಿತ್ತಲ್ಲ?”

“ಹ್ಯಾಂಗ ಅನ್ಲಿ? ಮಗಳಿಗೆ ತಾಕತ್ತು ಕೊಟ್ಟದ್ದು ನಮ್ಮ ಮಗ್ಗ ಅಂತ ಓಣಿ ತುಂಬ ಹೇಳ್ಕೋತ ಅಡ್ಡಾಡ್ತಿದ್ದ. ಅಪ್ಪಗ ಜಾರಿ ಬಿದ್ದೆ ಅಂತ ಹೇಳೇನಿ. ನೀನೂ ಹಂಗ ಹೇಳು.”

ಗಜೇಂದ್ರಗಡದ ಬಸ್ಸು ಬಂತು. ಮೊದಲೇ ನುಗ್ಗಿ, ಟವೆಲ್ ಹಾಸಿ ಸೀಟು ಹಿಡಿದ ತಂದೆ ಕಿಟಕಿಯಿಂದ ಕೂಗಿದ.

“ಬರ್ರಿ ಲಗೂ! ಹೆದರಬ್ಯಾಡ ಮಗಳ, ಕೈ ನೆಟ್ಟಗಾಗಲಿ, ಮತ್ತ ಮಗ್ಗಕ್ಕ ಕುಂದ್ರಸ್ತೀನಿ. ತಾಕತ್ತು ತಾನ ಬರತೈತಿ.”

“ಹೂನಪಾ,” ಎಂದಳು ಹುಡುಗಿ, ಎಡಗೈಯಿಂದ ಬಾಗಿಲ ಕಂಬಿ ಹಿಡಿದು ಬಸ್ಸು ಹತ್ತುತ್ತ.