ನಿಮ್ಮಜ್ಜನ ಮರಗಾಲು

ಸುಟ್ಟೀನಿ ಅಂತ ಹೇಳಿದ್ನೆಲ್ಲ, ಮತ್ತ ಎಷ್ಟ ಸಲ ಕೇಳ್ತೀರಿ? ಗ್ವಾಡಿ ಮ್ಯಾಲಿನ ಆ ಎರಡ ಗೂಟ ಖಾಲಿ ಯಾಕ ಅದಾವ ಅಂದ್ರ, ಅಲ್ಲಿ ನಿಮ್ಮಜ್ಜನ ಮರಗಾಲು ತೂಗಹಾಕಿದ್ವಿ, ಅವನ್ನ ನಾ ಒಲಿಗೆ ಹಾಕಿದ್ನಿ, ಅಷ್ಟ. ಊರಾಗ ಕೇಳಿದ್ರ ಮುದುಕಿಗೆ ತಲಿ ಕೆಟ್ಟಿತ್ತು ಅಂತ ಹೇಳ್ತಾರ. ಹೇಳಲಿ. ಕುಂದರ್ರಿ ಇಲ್ಲೆ ಕಟ್ಟಿ ಮ್ಯಾಲ. ಏ, ಆ ಶೇಂಗಾದ ಬುಟ್ಟಿ ಇತ್ತಾಗ ತಾ ಬೇ, ಸುಲಕೊಂತ ಕೇಳ್ರಿ, ಸುಮ್ಮನ ಬಾಯಿ ತಗದು ಕುಂತ್ರ ಏನ ಬಂತು.

ಎಪ್ಪತ್ತರ ಮ್ಯಾಲಿನ ಮಾತು. ಎಪ್ಪತ್ತೈದೋ, ಅದರ ಮುಂದಿಂದೋ... ಇರಲಿ, ವರ್ಷ ತಗೊಂಡು ಏನ ಮಾಡ್ತೀರಿ, ನಿಮ್ಮಪ್ಪ ಇನ್ನೂ ಎದಿಹಾಲು ಕುಡೀತಿದ್ದ, ಅಷ್ಟ ಗೊತ್ತಿರಲಿ. ನಾನೂ ಸಣ್ಣಾಕಿನ. ಹತ್ತನೇತ್ತಾ ಕಲತಾಕಿ ಅಂತ ಈ ಯರಗುಪ್ಪಿಗೆ ಬಂದ ದಿನಾನ ನಮ್ಮತ್ತಿ ಹೆಸರಿಟ್ಟಿದ್ಲು, 'ಕಲತಾಕಿ ನಾಲಿಗಿ ನೋಡ್ರಿ, ಮೊಳ ಐತಿ' ಅಂತಿದ್ಲು. ಆ ಚಳಿಗಾಲದಾಗ ನಿಮ್ಮಪ್ಪಗ ಜ್ವರ ಬಂದು ಕಣ್ಣ ಮ್ಯಾಲ ಮಾಡಿದ. ಹಾಲ ಹಿಡೀವಲ್ಲ, ಅಳವಲ್ಲ, ಅರಿವಿ ಗಂಟಿನಂಗ ತೊಡಿ ಮ್ಯಾಲ ಬಿದ್ದಿದ್ದ. ಕುಂದಗೋಳದ ಡಾಕ್ಟರು ಬಂದು ಸೂಜಿ ಮಾಡಿ, 'ನಮ್ಮ ಕೈಯಾಗಿಂದು ಮಾಡೇವಿ ತಂಗಿ, ಇನ್ನ ದೇವರ ಮ್ಯಾಲ ಭಾರ ಹಾಕು' ಅಂದ್ರು. ನಾ ದೇವರ ಜಗಲಿ ಮುಂದ ಕುಂತು ಬೇಡಿಕೊಂಡ್ನಿ. ಏನಂತ? 'ಮಲ್ಲಯ್ಯಾ, ಇಂವ ಕಣ್ಣ ತೆರದ್ರ ನಾನ ಹೊತಗೊಂಡು ನಿನ್ನ ಶ್ರೀಶೈಲಕ್ಕ ನಡಕೊಂತ ಬರ್ತೀನಿ, ನನ್ನ ಕೈಲೇ ಇವನ ಹಣಿ ನಿನ್ನ ಲಿಂಗಕ್ಕ ಹಚ್ಚತೀನಿ.' ನನ್ನ ಕೈಲೇ ಅಂದಿದ್ನಿ, ತಿಳೀತಿಲ್ಲ? ಅದನ್ನ ಮರೀಬ್ಯಾಡ್ರಿ. ಮುಂದ ಎರಡ ದಿವಸಕ್ಕ ಕೂಸು ಕಣ್ಣ ತೆರೀತು, ಹಾಲ ಹಿಡೀತು.

ನಾ ಬೇಡಿಕೊಂಡಿದ್ದು ನಿಮ್ಮಜ್ಜಗ ಹೇಳಿದ್ನಿ. ಅವರು ಹೋಗಿ ಗುಡಿ ಕಟ್ಟಿ ಮ್ಯಾಲ ಮಂದಿ ನಡುವ ಕುಂತು ಏನ ಹೇಳಿ ಬಂದಾರ? 'ಮಗಾ ಉಳದ್ರ ಮರಗಾಲ ಮ್ಯಾಲ ಬರ್ತೀನಿ ಅಂತ ನಾ ಮಲ್ಲಯ್ಯಗ ಮಾತ ಕೊಟ್ಟೀನಿ!' ಆತು, ಊರಿಗೂರ ಕೂಡಿ ಅಡ್ಡಬಿತ್ತು. ನಾ ಬೇಡಿಕೊಂಡಿದ್ದು ಎಲ್ಲಿ ಹೋತೋ ಏನೋ, ಯಾರೂ ಕೇಳಲಿಲ್ಲ.

ಮರಗಾಲು ಅಂದ್ರ ನೀವು ಆಡೂ ಸಾಮಾನ ಅಲ್ಲ ಮತ್ತ. ಮೊಣಕಾಲಿಗೆ ಬರೂ ಕಟಗಿ, ಪಾದ ಇಡಾಕ ಒಂದ ಹಲಗಿ, ಅದರ ಕೆಳಗ ಮೊಳ ಎತ್ತರ ಗೂಟ. ಕಾಲಿಗೆ ಅರಿವಿ ಸುತ್ತಿ ಹಗ್ಗದಲೇ ಬಿಗಿಬೇಕು. ಬಿಗಿಯಾಕಿ ಯಾರು? ನಾನ. ಕಟ್ಟಿಕೊಂಡಾಂವ ನೆಲಕ್ಕ ಕುಂದ್ರಾಕ ಬರೂದಿಲ್ಲ, ಎತ್ತರದ ಕಟ್ಟಿ ಬೇಕು, ಇಲ್ಲಾ ಚಕ್ಕಡಿ ಬೇಕು. ಹುಡುಕಾಕಿ ಯಾರು? ನಾನ. ಬಗಲಾಗ ಕೂಸು, ತಲಿ ಮ್ಯಾಲ ರೊಟ್ಟಿ ಗಂಟು, ಮುಂದ ಮುಂದ ಓಡಿ ಹೋಗಿ 'ಎಪ್ಪಾ, ಮರಗಾಲಿನವರು ಬರಾಕತ್ತಾರ, ಕಟ್ಟಿ ಬಿಟ್ಟು ಸರೀರಿ' ಅಂತ ನಾ ಒದರಬೇಕು. ಮ್ಯಾಲ ಇನ್ನೊಂದು: ಪೂಜಿ ಆದ ಮರಗಾಲು ನೆಲಕ್ಕ ಮಲಗಸಬಾರದು, ಯಾರೂ ದಾಟಬಾರದು. ರಾತ್ರಿ ಬಿಚ್ಚಿದ್ರ ಗಿಡಕ್ಕ ಕಟ್ಟಿ, ನಾ ಅದರ ಬಾಜುಕ ಮಲಗಬೇಕು.

ಯುಗಾದಿ ಮುಂದ ಊರ ಮಂದಿ ಕೂಡ ಶ್ರೀಶೈಲಕ್ಕ ಹೊಂಟ್ವಿ. ಗದಗ ದಾಟಿದ ಮ್ಯಾಲ ಊರೂರಿಗೆ ಹೆಣ್ಣಮಕ್ಕಳು ಬಿಂದಿಗಿ ಹಿಡಕೊಂಡು ಊರ ಅಗಸಿ ಬಾಗಿಲಿಗೆ ಬಂದು ನಿಂದರತಿದ್ರು. ಮರಗಾಲಿಗೆ ನೀರ ಹಾಕೂದು, ಕುಂಕುಮ ಹಚ್ಚೂದು, ಹಣಿ ಹಚ್ಚಿ ಬೀಳೂದು. ನಿಮ್ಮಜ್ಜಗ ಮಜ್ಜಿಗಿ, ಬೆಲ್ಲದ ಪಾನಕ. ನನ್ನ ಹಿಮ್ಮಡಿ ಸೀಳಿ ನೆತ್ತರ ಬರ್ತಿತ್ತು, ಬರಿಗಾಲು, ಅಗದಿ ಬಿಸಿಲು. ಒಂದ ಊರಾಗ ಒಬ್ಬಾಕಿ ನನ್ನ ಬಾಜುಕ ನೂಕಿ, 'ಸರೀ ಬೇ ಅಕ್ಕಾ, ಮರಗಾಲಿಗೆ ನೀರ ಹಾಕ್ತೀನಿ' ಅಂದ್ಲು. ನಾ ಅಂದ್ನಿ, 'ಹಾಕವಾ, ಹಾಕು. ಕಟಗಿ ಭಾಳ ದಣದೈತಿ.' ಆಕಿ ತಿಳೀದನ ನಕ್ಕಳು. ನಿಮ್ಮಜ್ಜ ಮ್ಯಾಲಿಂದ ಕಣ್ಣ ಕೆಂಪ ಮಾಡಿದ್ರು.

ಹಂಗ ಕರ್ನೂಲು ದಾಟಿ ಅಡವಿ ಹೊಕ್ವಿ. ಸುಳ್ಳ ಹೇಳಬಾರದು, ಅವರೂ ನೋವ ತಿಂದಾರ. ಹಗ್ಗ ಕೊರದು ಕಾಲಿನ ಚರ್ಮ ಕಿತ್ತು, ಸುತ್ತಿದ ಅರಿವಿ ಬಿಚ್ಚಿದ್ರ ಮಾಂಸ ಕಾಣತಿತ್ತು. ನಾನ ತೊಳೀತಿದ್ನಿ. ಇನ್ನೇನು ಮುಗೀತು ಅನ್ನೂದರಾಗ ಭೀಮನ ಕೊಳ್ಳ ಬಂತು. ಕೊಳ್ಳ ಅಂದ್ರ ಎಂಥಾದ್ದು! ಕಲ್ಲ ಹಿಡಕೊಂಡು ಪಾತಾಳಕ್ಕ ಇಳೀಬೇಕು, ಇಳದು ಮತ್ತ ಅಷ್ಟೂ ಪಾವಟಿಗಿ ಏರಬೇಕು. ಏರಿದ್ರ ಕೈಲಾಸ ಬಾಗಿಲು, ಅಲ್ಲಿಂದ ಗುಡಿ ಅರ್ಧ ದಿನದ ಹಾದಿ. ನಿಮ್ಮಜ್ಜ ದಂಡಿಗೆ ನಿಂತು ಕೆಳಗ ನೋಡಿದ್ರು. ಗಿಡಾ ಹಿಡಕೊಂಡ್ರು. ಮಾರಿ ಬೂದಿ ಆತು.

'ಬಿಚ್ಚ ಲೇ,' ಅಂದ್ರು ಸಾವಕಾಶ. 'ನನ್ನ ಕೈಲೆ ಆಗೂದಿಲ್ಲ.'

ಮಂದಿ ಅಲ್ಲೇ ನಿಂತು ಗುಜುಗುಜು ಸುರು ಮಾಡಿದ್ರು. ಹರಕಿ ಮುರದ್ರ ಕೂಸಿಗೆ ಕೆಡಕು ಅಂತ ಒಬ್ಬಾಂವ, ಹೇಣ್ತಿ ನಾಲಿಗಿ ಚಲೋ ಇಲ್ಲ ಅದಕ್ಕ ಹಿಂಗಾತು ಅಂತ ಇನ್ನೊಬ್ಬಾಂವ. ನಮ್ಮ ತಂಡದಾಗ ಮಲ್ಲಯ್ಯನ ಕಂಬಿ, ಕಾವಡಿಯಂಥಾದ್ದು, ಹೆಗಲ ಮ್ಯಾಲ ಹೊತ್ತು ಮುಂದ ನಡ್ಯಾಂವ ಈರಯ್ಯಜ್ಜ, ಹಿರ್ಯಾ, ಅವನ ಮಾತ ಯಾರೂ ಮೀರತಿದ್ದಿಲ್ಲ. ಅಂವ ಅಂದ, 'ಯಾಕ ಹೆದರ್ತೀರಿ? ಮರಗಾಲು ನೆಲಾ ಮುಟ್ಟದಂಗ ಮನ್ಯಾಕಿ ಹೊತ್ತು ಕೊಳ್ಳ ದಾಟಿಸಲಿ. ಮ್ಯಾಲ ಹೋಗಿ ಮತ್ತ ಕಟ್ಟಿಕೊಂಡ್ರಾತು. ಹರಕಿ ಮುರಿಯೂದಿಲ್ಲ.'

ನಾ ಕೇಳಿದ್ನಿ, 'ಎಜ್ಜಾ, ಕೂಸಿನ್ನ ಯಾರ ಹೊರಬೇಕ್ರಿ?'

'ತಾಯಿ ಬಿಟ್ಟು ಯಾರ ಹೊರ್ತಾರವಾ?'

ಆತು. ಬೆನ್ನಿಗೆ ಸೀರಿ ಸೆರಗಿನ್ಯಾಗ ನಿಮ್ಮಪ್ಪನ್ನ ಕಟ್ಟಿಕೊಂಡ್ನಿ, ಹೆಗಲ ಮ್ಯಾಲ ಎರಡೂ ಮರಗಾಲು, ಇಳದ್ನಿ. ಇಳಿಯೂದರಾಗ ಕಾಲ ನಡಗತಾವ, ಗೊತ್ತೇನು, ಏರೂದಕ್ಕಿಂತ ಇಳಿಯೂದ ಕಷ್ಟ. ನಿಮ್ಮಜ್ಜ ಮುಂದ ಬರಿಗೈಲೆ. ಕೆಳಗ ನೀರ ಕುಡಿಯೂಣು ಅಂದ್ರ ಬಗ್ಗಾಕ ಬರವಲ್ದು, ಕಟಗಿ ನೆಲಕ್ಕ ತಾಗತೈತಿ. 'ಹಿಡೀರಿ ಒಂದೀಟು' ಅಂದ್ನಿ. 'ನಾ ಈಗ ಮುಟ್ಟಬಾರದಂತ, ಅಜ್ಜ ಹೇಳ್ಯಾನಲ್ಲ, ಮನ್ಯಾಕಿ ಅಂತ' ಅಂದ್ರು. ನೀರ ಕುಡೀದನ ಏರಿದ್ನಿ. ಪಾವಟಿಗಿ ಮ್ಯಾಲ ನನ್ನ ಕಾಲಿನ ನೆತ್ತರ ಹೆಜ್ಜಿ ಮೂಡತಿದ್ವು, ಹಿಂದ ಬರಾವರು ಅವನ್ನ ತುಳಕೊಂತ ಬಂದ್ರು.

ಮ್ಯಾಲ ಹೋಗಿ ಮತ್ತ ನಾನ ಕಟ್ಟಿದ್ನಿ. ಸನಾದಿ, ಡೊಳ್ಳು, 'ಮಲ್ಲಯ್ಯಾ' ಅಂತ ಕೂಗು. ಕೊಳ್ಳದಾಗ ಹೊತ್ತಾಕಿ ಯಾರಂತ ಎಲ್ಲಾರೂ ನೋಡಿದ್ರು, ಮುಚ್ಚಿಟ್ಟಿದ್ದು ಏನೂ ಇದ್ದಿಲ್ಲ. ನೋಡಿದ್ರೂ ಅದು ಯಾರ ಲೆಕ್ಕಕ್ಕೂ ಬರಲಿಲ್ಲ, ಅಷ್ಟ.

ಗುಡಿ ಬಾಗಿಲಿಗೆ ಬಂದ್ವಿ. ಯುಗಾದಿ ಮಂದಿ, ಕಾಲ ಇಡಾಕ ಜಾಗಾ ಇಲ್ಲ. ಮರಗಾಲು ಬಿಚ್ಚಿಸಿಕೊಂಡು ನಿಮ್ಮಜ್ಜ ಕೈ ಮುಂದ ಮಾಡಿದ್ರು.

'ಕೂಸಿನ್ನ ಇತ್ತಾಗ ಕೊಡು.'

'ಯಾಕ್ರಿ? ನಾ ಬೇಡಿಕೊಂಡೀನಿ, ನನ್ನ ಕೈಲೇ ಹಚ್ಚತೀನಿ.'

'ಮಂದ್ಯಾಗ ನಾಲಿಗಿ ಬಿಚ್ಚಬ್ಯಾಡ. ಮರಗಾಲು ಯಾರರೆ ದಾಟಿದ್ರ? ಹಿಡಕೊಂಡು ನಿಂದ್ರು. ನಾ ಬಂದ ಮ್ಯಾಲ ನೀ ಕೂಸಿನ್ನ ತಗೊಂಡು ಹೋಗಿಯಂತ.'

ಕೊಟ್ನಿ. ನಂಬಿದ್ನಿ. ಇಲ್ಲ, ನಂಬಲಿಲ್ಲ, ಖರೆ ಹೇಳಬೇಕಂದ್ರ ಕೈಯಾಗ ತ್ರಾಣ ಇದ್ದಿಲ್ಲ. ಗ್ವಾಡಿಗೆ ಬೆನ್ನ ಹಚ್ಚಿ, ಆ ಬಾಜುಕ ಒಂದ ಈ ಬಾಜುಕ ಒಂದ ಮರಗಾಲು ಹಿಡಕೊಂಡು ನಿಂತ್ನಿ. ಹೋಗಾವರು ಬರಾವರು ಅವಕ್ಕ ಹಣಿ ಹಚ್ಚಿ ಹೋಗತಿದ್ರು. ಒಳಗಿಂದ ಗಂಟಿ ಸಪ್ಪಳ ಕೇಳತಿತ್ತು, ಊದಿನಕಡ್ಡಿ ವಾಸನಿ ಬರ್ತಿತ್ತು. ಎದಿಹಾಲು ತುಂಬಿ ಕುಬಸ ತೊಯ್ದಿತ್ತು. ಹೊತ್ತ ಇಳಿಯೂದಕ್ಕ ಗಂಡಸರೆಲ್ಲಾ ಹೊರಗ ಬಂದ್ರು. ನಿಮ್ಮಪ್ಪ ಅತ್ತು ಅತ್ತು ಸ್ವರ ಬಿದ್ದಿತ್ತು, ಹಣಿ ಮ್ಯಾಲ ವಿಭೂತಿ. ಅಷ್ಟರಾಗ ಈರಯ್ಯಜ್ಜ, 'ನಡೀರಿ ನಡೀರಿ, ಲಾರಿ ಹೊಂಟೈತಿ, ಇದು ಬಿಟ್ರ ಮತ್ತ ಇಲ್ಲ' ಅಂದ.

'ನಾ ಒಳಗ ಹೋಗಿಲ್ರಿ,' ಅಂದ್ನಿ.

ನಿಮ್ಮಜ್ಜ ನಕ್ರು. 'ನಾ ಹೋಗೀನಲ್ಲ! ನಾ ಬ್ಯಾರೆ, ನೀ ಬ್ಯಾರೆ ಏನು?'

ಲಾರ್‍ಯಾಗ ಊರ ಬರೂತನ ನಿಮ್ಮಪ್ಪನ ಹಣಿ ಮುಟ್ಟಿ ಮುಟ್ಟಿ ನೋಡಿದ್ನಿ, ಜ್ವರ ಬಂದಾವೇನು ಅಂತ. ನಾ ಕೊಟ್ಟ ಮಾತು ಹಂಗ ಉಳದಿತ್ತಲ್ಲ. ಮುಂದ ಅಂವ ದೊಡ್ಡಾಂವ ಆಗೂತನ ನೆಗಡಿ ಬಂದ್ರೂ ನನ್ನ ಜೀವ ಹಾರತಿತ್ತು. ವರ್ಷಾ ಯುಗಾದಿಗೆ 'ಒಮ್ಮೆ ಹೋಗಿ ಬರೂಣು ನಡೀರಿ' ಅಂತ ಕೇಳಿದ್ನಿ. ವರ್ಷಾ ಒಂದ ಮಾತು, 'ಹರಕಿ ಮುಗಸೀನಲ್ಲ.' ಮರಗಾಲು ಗ್ವಾಡಿ ಏರಿದ್ವು, ಸ್ವಾಮಾರ ಸ್ವಾಮಾರ ಹೂ. ಏರಸಾಕಿ ಯಾರು? ಕೇಳಬ್ಯಾಡ್ರಿ.

ಕಡೀಕ ನಿಮ್ಮಜ್ಜ ಹೋದ್ರು. ಅಷ್ಟೊತ್ತಿಗೆ ನನ್ನ ಮೊಣಕಾಲೂ ಹೋದ್ವು, ಇನ್ನ ಶ್ರೀಶೈಲಕ್ಕ ನಡಕೊಂತ ಹೋಗೂದು ಎಲ್ಲಿಂದು. ಆಮ್ಯಾಲ ಈ ಸಣ್ಣಾಕಿ ಹುಟ್ಟಿದ್ಲು ನೋಡ್ರಿ, ಜಡಿಮಳಿ, ಕಟಗಿ ಕುಳ್ಳು ಎಲ್ಲಾ ತೊಯ್ದು ಬರೇ ಹೊಗಿ. ನಿಮ್ಮವ್ವ ಹಸಿ ಬಾಣಂತಿ, ಬಚ್ಚಲದಾಗ ಗಡಗಡ ನಡಗಾಕತ್ತಿದ್ಲು, ನೀರ ಕಾಯವಲ್ವು. ನಾ ಹೋಗಿ ಗ್ವಾಡಿ ಮ್ಯಾಲಿಂದ ಇಳಿಸಿ, ಕೊಡ್ಲಿಲೆ ಸೀಳಿ ಒಲಿಗೆ ಹಾಕಿದ್ನಿ. ನಿಮ್ಮಪ್ಪ ಓಡಿ ಬಂದ, 'ಯವ್ವಾ, ಅಪ್ಪನ ಮರಗಾಲು!' 'ಹೌದಪಾ,' ಅಂದ್ನಿ, 'ಒಣಾ ಕಟಗಿ.' ಏನ ಚಂದ ಉರದ್ವು ಅಂತೀರಿ. ಕೊತ ಕೊತ ಕಾದ್ವು ನೀರು. ನಿಮ್ಮವ್ವಗ ಮೊದಲ ಕಾಲಿಗೆ ಹಾಕಿದ್ನಿ.

ಅದಕ್ಕ ಹೇಳ್ತೀನಿ, ಎತ್ತರಕ್ಕ ನಿಂತವರ ಕಾಲಿಗೆ ಬೀಳೂದಕ್ಕಿಂತ ಮೊದಲ, ಆ ಕಾಲಿಗೆ ಹಗ್ಗಾ ಕಟ್ಟಿದಾಕಿ ಎಲ್ಲಿ ನಿಂತಾಳ ಅಂತ ಒಮ್ಮೆ ನೋಡ್ರಿ, ನೀರ ಕುಡದಾಳೋ ಇಲ್ಲೋ ಕೇಳ್ರಿ. ಸಾಕು, ಶೇಂಗಾ ಎಲ್ಲಾ ತಿಂದ ಮುಗಿಸೀರಿ ನೀವು, ಸುಲದಿದ್ದು ಎಲ್ಲೈತಿ? ಏಳ್ರಿ.