ಎರಡನೇ ಸಲದ ರಕ್ತ

...ಯಂತ್ರದ್ದೇ ತಪ್ಪಿರಬೇಕು ಅತ್ತೆ, ನಾನೇನು ಮಾಡ್ಲಿ? ಕೂತ್ಕೊಳ್ಳಿ. ನೀವು ನಿಂತ್ಕೊಂಡ್ರೆ ರಿಪೋರ್ಟ್ ಬೇಗ ಬರುತ್ತಾ?

ಹೋದ ವಾರ ರಕ್ತದಲ್ಲಿ ಮಾತ್ರೆ ಅಂಶ ಕಮ್ಮಿ ಬಂತು, ನಿಜ. ಯಾರದೋ ಟ್ಯೂಬಿಗೆ ನನ್ನ ಹೆಸರು ಅಂಟಿಸಿರ್ತಾರೆ, ಅಷ್ಟೇ. ಇಲ್ಲಾ, ವಾಂತಿ ಆಗಿತ್ತಲ್ಲ, ಅದರ ಜೊತೆ ಹೋಗಿರುತ್ತೆ... ಏನು? ಆಗಿತ್ತು ಅತ್ತೆ. ನೀವು ಮಲಗಿದ್ರಿ.

ಹಾಗೆ ನೋಡ್ಬೇಡಿ. ಆ ಮಾತ್ರೆ ಯಾಕೆ ಅಂತ ನನಗೆ ಗೊತ್ತಿಲ್ವಾ? ನಿಮ್ಮ ಮಗ ಕೊಟ್ಟ ಕಿಡ್ನಿ ಹೊರಗಿನದು ಅಂತ ನನ್ನ ಮೈಗೆ ಗೊತ್ತಾಗಬಾರದು. ಗೊತ್ತಾದ್ರೆ ಮೈಯೇ ಅದನ್ನ ಹಾಳು ಮಾಡಿಬಿಡುತ್ತೆ. ಅವರು ಏನಂತಿದ್ರು, ನೆನಪಿದೆಯಾ? "ಮದುವೆಯಾಗಿ ಇಷ್ಟು ವರ್ಷ ಆದ್ರೂ ನಿನ್ನ ಮೈಗೆ ನಾನಿನ್ನೂ ಹೊರಗಿನವನೇನೇ!"... ನಗ್ತಿದ್ದೀರಾ? ನಗಿ, ನಗಿ. ಆ ಲಾರಿ ಅವರಿಗೆ ಗುದ್ದಿದ ಮೇಲೆ ನೀವು ನಕ್ಕಿದ್ದನ್ನ ಇವತ್ತೇ ನೋಡಿದ್ದು.

ಕರೀತಿದ್ದಾರೆ. ನೀವಿರಿ... ಇರಿ ಅಂದೆನಲ್ಲ, ನಾನೇ ಹೋಗಿ ಬರ್ತೀನಿ.

...ಏನಿಲ್ಲ. ಅದೇ. ಈ ಸಲ ಏನೂ ಸಿಗಲೇ ಇಲ್ವಂತೆ. ಒಂಚೂರೂ ಇಲ್ವಂತೆ. ಈಗಲೇ ಅಡ್ಮಿಟ್ ಆಗ್ಬೇಕು ಅಂತ ಡಾಕ್ಟರು ಹೇಳಿ ಕಳ್ಸಿದ್ದಾರೆ. ಯಂತ್ರ ಕೆಟ್ಟಿರ್ಬೇಕು ನೋಡಿ ಅಂದೆ. ಲ್ಯಾಬಿನವಳು ಯಂತ್ರ ನೋಡಲಿಲ್ಲ, ನನ್ನ ಮುಖ ನೋಡಿದ್ಲು.

ನೀವೂ ಹಾಗೇ ನೋಡ್ತಿದ್ದೀರಿ. ಏನಾದ್ರೂ ಅನ್ನಿ ಅತ್ತೆ. ಬೈರಿ ಬೇಕಾದ್ರೆ... ಅತ್ತೆ?

...ನುಂಗ್ತಿಲ್ಲ. ಆಯ್ತಾ? ಒಂದು ತಿಂಗಳಿಂದ ಆಗಾಗ ಬಿಡ್ತಿದ್ದೆ, ಈ ವಾರ ಒಂದೂ ಇಲ್ಲ. ಬೇಕು ಅಂತ ಅಲ್ಲ. ಬೆಳಿಗ್ಗೆ ಮಾತ್ರೆ ಬಿಡಿಸಿ ಅಂಗೈಲಿ ಇಟ್ಕೋತೀನಿ, ಲೋಟಕ್ಕೆ ನೀರೂ ಬಗ್ಗಿಸ್ತೀನಿ, ಹಾಗೇ ಕೂತಿರ್ತೀನಿ... ಆಮೇಲೆ ಸಿಂಕಿಗೆ ಹಾಕಿ ಪಾತ್ರೆ ತೊಳೀತೀನಿ. ಅಳು ಬರುತ್ತಾ, ಅದೂ ಇಲ್ಲ. ಏನೂ ಅನ್ಸೋದೇ ಇಲ್ಲ. ಅವರೇ ಇಲ್ಲ, ಅವರ ಕಿಡ್ನಿ ಮಾತ್ರ ಒಳಗೆ ಕೂತು ತನ್ನ ಪಾಡಿಗೆ ತಾನು ಕೆಲಸ ಮಾಡ್ತಿರುತ್ತಲ್ಲ... ಯಾರಿಗೆ ಅಂತ?

ಏನು... ಬೆನ್ನ ಮೇಲೆ ಯಾಕೆ ಕೈ... ಎಲ್ಲರೂ ನೋಡ್ತಿದ್ದಾರೆ ಅತ್ತೆ.

ಅಲ್ಲಿ ಅಲ್ಲ. ಬೆನ್ನಲ್ಲಿ ಇರೋದು ನನ್ನವೇ, ಕೆಟ್ಟುಹೋದವು. ಅವರದನ್ನ ಮುಂದೆ ಇಟ್ಟಿದ್ದಾರೆ. ಹೊಟ್ಟೆ ಹತ್ರ, ಬಲಗಡೆ... ಇನ್ನೂ ಸ್ವಲ್ಪ ಕೆಳಗೆ.

ಹೂಂ. ಅಲ್ಲಿ.

ಆಯ್ತು, ಅಡ್ಮಿಟ್ ಆಗ್ತೀನಿ... ಆಗ್ತೀನಿ ಅಂದೆನಲ್ಲ. ಕೈ ತೆಗೀಬೇಡಿ, ಒಂದು ನಿಮಿಷ.